ಹಳದಿ ಟೋಪಿ ಹಾಕ್ಕೊಂಡು ನಗ್ತಿರೋನು ನಾನೇ, ಆ ಫೋಟೋ ನಂಬಬೇಡಿ

ತುಮಕೂರಿನ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ವಾರದಿಂದ ಒಂದು ಫೋಟೋ ಓಡಾಡ್ತಿದೆ. ಒಂದು ದೋಣಿ, ಎಂಟು ಜನ, ಮಧ್ಯದಲ್ಲಿ ಹಳದಿ ಟೋಪಿ ಹಾಕ್ಕೊಂಡು ಹೆಬ್ಬೆಟ್ಟು ಎತ್ತಿ ಹಲ್ಲು ಕಿರಿದಿರೋ ಒಬ್ಬ ದಪ್ಪ ಮನುಷ್ಯ. ಕೆಳಗಡೆ 'ತುಮಕೂರಿನ ನಮ್ಮ ಹ್ಯಾಪಿ ಫ್ಯಾಮಿಲಿ, ಗೋವಾ ಗ್ರ್ಯಾಂಡ್ ಐಲ್ಯಾಂಡ್ ಫುಲ್ ಡೇ ಕ್ರೂಸ್' ಅಂತ ಬರೆದಿದ್ದಾರೆ. ಆ ದಪ್ಪ ಮನುಷ್ಯ ನಾನೇ. ಫ್ಯಾಮಿಲಿ ನಂದೇ. ಹ್ಯಾಪಿ ಸುಳ್ಳು, ಗ್ರ್ಯಾಂಡ್ ಐಲ್ಯಾಂಡ್ ಸುಳ್ಳು, ಫುಲ್ ಡೇ ಸುಳ್ಳು.

ಇದನ್ನ ಬರೀಬಾರದು ಅಂತಾನೇ ಇದ್ದೆ. ನಾಚಿಕೆ, ಇನ್ನೇನು. ನಾನು ತಿಪಟೂರು ಮಾರ್ಕೆಟ್ಟಲ್ಲಿ ಕೊಬ್ಬರಿ ವ್ಯಾಪಾರ ಕಲಿತೋನು. ಕಾಯಿ ಕಿವಿ ಹತ್ರ ಹಿಡಿದು ಅಲ್ಲಾಡಿಸಿ ಒಳಗೆ ಕೊಬ್ಬರಿ ಬಿಟ್ಕೊಂಡಿದೆಯೋ ಇಲ್ವೋ ಹೇಳ್ತೀನಿ. ಸ್ಯಾಂಪಲ್ ಒಂದು ತೋರ್ಸಿ ಮೂಟೇಲಿ ಇನ್ನೊಂದು ತುಂಬೋರನ್ನ ಹದಿನೆಂಟು ವರ್ಷದಿಂದ ನೋಡ್ಕೊಂಡು ಬಂದಿದ್ದೀನಿ. ಅಂಥೋನಿಗೆ ಇಪ್ಪತ್ತೈದು ವರ್ಷದ ಒಬ್ಬ ಹುಡುಗ ಫೋನಲ್ಲೇ ಮಾಲು ಬದಲಾಯಿಸಿ ಕೊಟ್ಟ.

ಸಂಕ್ರಾಂತಿ ಮುಗಿದ ಮೇಲೆ ಎಲ್ಲಾದ್ರೂ ಹೋಗೋಣ ಅಂತ ಮನೇಲಿ ಗಲಾಟೆ. ಮೊದಲು ಮುರುಡೇಶ್ವರದಿಂದ ನೇತ್ರಾಣಿ ಅಂದ್ಕೊಂಡ್ವಿ. ಆದರೆ ಅಲ್ಲಿ ದ್ವೀಪದ ಮೇಲೆ ಇಳಿಯೋ ಹಂಗಿಲ್ಲ, ನೀರಿಗೆ ಧುಮುಕೋರಿಗೇ ಅದು. ಅತ್ತೆಯವರನ್ನ ಕರ್ಕೊಂಡು ಏನ್ಮಾಡೋದು? ಮಲ್ಪೆಯ ಸೇಂಟ್ ಮೇರೀಸ್ ದ್ವೀಪ ಹಿಂದೆಯೇ ನೋಡಿದ್ವಿ. ಅದೇ ನನ್ನನ್ನ ಹಾಳು ಮಾಡಿದ್ದು ಅನ್ನಿ. ಅಲ್ಲಿ ವ್ಯವಹಾರ ನೇರ. ಕೌಂಟರಲ್ಲಿ ಟಿಕೆಟ್ ತಗೋ, ದೋಣಿ ಹತ್ತು, ದ್ವೀಪದಲ್ಲಿ ಇಳಿ, ಕಂಬ ನಿಲ್ಲಿಸಿದಂಗಿರೋ ಆ ಕರಿಕಲ್ಲು ನೋಡು, 1498ರಲ್ಲಿ ವಾಸ್ಕೋ ಡ ಗಾಮ ಇಲ್ಲೇ ಇಳಿದಿದ್ದ ಅನ್ನೋ ಕತೆ ಯಾರಾದ್ರೂ ಹೇಳಿದ್ರೆ ಕೇಳು, ವಾಪಸ್ ಬಾ. ದ್ವೀಪ ಅಂತ ದುಡ್ಡು ತಗೊಂಡ್ರೆ ದ್ವೀಪಕ್ಕೇ ಕರ್ಕೊಂಡು ಹೋಗ್ತಾರೆ ಅಂತ ನಾನು ನಂಬಿದ್ದೆ.

ಆಗ ನಮ್ಮ ಬಾಮೈದನ ಫೋನಿಗೆ, ಈಗ ಆ ಫೋಟೋ ಹಾಕಿರೋ ತುಮಕೂರಿನ ಟ್ರಾವೆಲ್ಸ್‌ನೋರ ಸ್ಟೇಟಸ್ ಬಂತು. ಹೆಸರು ಹಾಕಲ್ಲ, ದೂರು ಕೊಟ್ಟಿದ್ದೀನಿ, ಅದು ಅಲ್ಲೇ ತೀರ್ಮಾನ ಆಗ್ಲಿ. ತಲೆಗೆ 2,200 ರೂಪಾಯಿ. ಬೆಳಗ್ಗೆ 8ರಿಂದ ಸಂಜೆ 5. ಗ್ರ್ಯಾಂಡ್ ಐಲ್ಯಾಂಡಲ್ಲಿ ಎರಡು ಗಂಟೆ ಈಜು, ಕನ್ನಡಕ ಹಾಕ್ಕೊಂಡು ನೀರೊಳಗೆ ಮೀನು ನೋಡೋದು, ಡಾಲ್ಫಿನ್, ಮಧ್ಯಾಹ್ನ ಊಟ, ವೆಜ್‌ನೋರಿಗೆ ಬೇರೆ ಅಡುಗೆ, ಜೊತೆಗೆ ಟೋಪಿ ಫ್ರೀ. ನಾನೇ ಫೋನ್ ಮಾಡ್ದೆ. ವೆಜ್ ಬೇರೆ ಪಾತ್ರೇಲೇನಾ ಅಂತ ಮೂರು ಸಲ ಕೇಳಿದೆ. ಮೂರು ಸಲವೂ 'ಪಕ್ಕಾ ಅಣ್ಣ, ನಮ್ಮನೇರೇ ಅಂದ್ಕೊಳ್ಳಿ' ಅಂದ. ಎಂಟು ಜನಕ್ಕೆ 17,600. ನಾಲ್ಕು ವರ್ಷದ ಮಗೂಗೂ ಪೂರ್ತಿ ಚಾರ್ಜು. ಹತ್ತು ಸಾವಿರ ಮುಂಗಡ ಫೋನಲ್ಲೇ ಹಾಕ್ದೆ, ಬಾಕಿ ಜೆಟ್ಟೀಲಿ. ರಸೀದಿ ಕೇಳ್ಲಿಲ್ಲ. ಮಂಡೀಲಿ ಚೀಟಿ ಇಲ್ದೆ ಒಂದು ಮೂಟೆ ಎತ್ತಲ್ಲ ನಾನು, ಇಲ್ಲಿ ರಸೀದಿ ಕೇಳ್ಲಿಲ್ಲ.

ವಾಸ್ಕೋ ರೈಲಲ್ಲಿ ಹೋದ್ವಿ. ಇದನ್ನ ನೆನಪಿಟ್ಕೊಳ್ಳಿ, ಆ ಗ್ರ್ಯಾಂಡ್ ಐಲ್ಯಾಂಡ್ ಇರೋದೇ ವಾಸ್ಕೋ ಊರಿನ ಕಡೆ, ಮಾರ್ಮುಗೋವಾ ಭೂಶಿರದ ಆಚೆ. ನಾವು ಅದರ ಮಗ್ಗುಲಲ್ಲೇ ರೈಲು ಇಳಿದು, ಅವರು ಹೇಳಿದ್ರು ಅಂತ ಉತ್ತರಕ್ಕೆ ಅಷ್ಟು ದೂರ ಕ್ಯಾಂಡೋಲಿಂ ಕಡೆ ಹೋಗಿ ರೂಮು ಮಾಡಿ, ಅಲ್ಲಿಂದ ದೋಣೀಲಿ ಮತ್ತೆ ದಕ್ಷಿಣಕ್ಕೆ. ಭೂಪಟ ಒಂದ್ಸಲ ನೋಡಿದ್ರೆ ಗೊತ್ತಾಗ್ತಿತ್ತು. ನೋಡ್ಲಿಲ್ಲ.

ಬೆಳಗ್ಗೆ 7.15ಕ್ಕೆ ರೆಡಿ ಇರಿ ಅಂದ್ರು. ವ್ಯಾನು ಬಂದಿದ್ದು 8.20ಕ್ಕೆ. ನಾಲ್ಕು ಹೋಟೆಲ್ ಸುತ್ತಿ ಜನ ತುಂಬ್ಕೊಂಡು ಕೋಕೋ ಬೀಚ್ ಹತ್ರ ನೆರೂಲ್ ಹೊಳೆ ಸೇರೋ ಕಡೆ ಬಿಟ್ರು. ಬಾಕಿ 7,600 ತಗೊಳ್ಳೋದಕ್ಕೆ ಮಾತ್ರ ಒಬ್ಬ ಓಡೋಡಿ ಬಂದ. ಆಮೇಲೆ ಒಂದು ಗಂಟೆ ಬಿಸಿಲಲ್ಲಿ ಕೂರ್ಸಿದ್ರು. ದೋಣಿ ಹೊರಟಿದ್ದು 10.40ಕ್ಕೆ.

ದೋಣೀಲಿ 46 ಜನ. ಮೂಟೆ ಎಣಿಸೋ ಅಭ್ಯಾಸ, ಎಣಿಸ್ದೆ. ಪಕ್ಕದಲ್ಲಿ ಬಣ್ಣದಲ್ಲಿ ಬರೆದಿದ್ದ ಲೆಕ್ಕ 30. ಲೈಫ್ ಜಾಕೆಟ್ ಎಲ್ಲರಿಗೂ ಕೊಟ್ರು, ನಿಜ. ನಂದರ ಬಕಲ್ ಮುರಿದಿತ್ತು. ಮಗೂಗೆ ಕೊಟ್ಟಿದ್ದು ದೊಡ್ಡೋರದ್ದು, ತಲೆ ಮೇಲಿಂದ ಜಾರಿ ಹೋಗ್ತಿತ್ತು. ನನ್ನ ಹೆಂಡತಿ ಮುಖ ಆಗಲೇ ಬಿಳಿಚ್ಕೊಂಡಿತ್ತು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ವಾಪಸ್ ಬರ್ತಿದ್ದ ದೋಣಿ ಮಗುಚಿ 16 ಜನ ಹೋದ್ರಲ್ಲ, ಅದನ್ನ ಟೀವೀಲಿ ನೋಡಿದಾಗಿಂದ ಅವಳಿಗೆ ದೋಣಿ ಅಂದ್ರೆ ಭಯ. 'ಇಳಿದ್ಬಿಡೋಣ' ಅಂದ್ಲು. ನಾನು 'ದುಡ್ಡು ಕೊಟ್ಟಾಗಿದೆ ಸುಮ್ನಿರು' ಅಂದೆ. ಇಡೀ ಕತೇಲಿ ನನಗೆ ನಿಜವಾಗಿ ನಾಚಿಕೆ ಆಗೋ ಮಾತು ಇದು. ಅವರು ಹೇಳಿದ ಸುಳ್ಳಿಗಿಂತ ಹೆಚ್ಚು.

ಫೋಟೋ ತೆಗೆದಿದ್ದು ಆ ಹೊತ್ತಲ್ಲೇ. 'ಅಂಕಲ್, ಟೋಪಿ ಹಾಕ್ಕೊಳ್ಳಿ, ಥಂಬ್ಸ್ ಅಪ್ ಮಾಡಿ' ಅಂದ. ಮಾಡ್ದೆ.

ಅಗ್ವಾಡ ಕೋಟೆ ದಾಟಿದ್ವಿ. 1612ರ ಪೋರ್ಚುಗೀಸರ ಕೋಟೆ, ನೀರಿನ ಕಡೆಯಿಂದ ಚೆನ್ನಾಗಿ ಕಾಣುತ್ತೆ, ಇಡೀ ದಿನದಲ್ಲಿ ಮೋಸ ಇಲ್ಲದೆ ಸಿಕ್ಕಿದ್ದು ಅದೊಂದೇ. ಡಾಲ್ಫಿನ್ ಅಂತ ಹತ್ತು ಹನ್ನೆರಡು ದೋಣಿ ಒಂದೇ ಜಾಗಕ್ಕೆ ನುಗ್ಗಿದ್ವು, ಬೆನ್ನಿನ ಒಂದು ಚೂರು ಕಾಣಿಸಿ ಮುಳುಗ್ತು. ಪಾಪ, ಅದೂ ತಪ್ಪಿಸ್ಕೊಂಡ್ತು. ಆಮೇಲೆ ತೆರೆದ ಸಮುದ್ರ. ಅತ್ತೆಯವರು ವಾಂತಿ ಮಾಡ್ಕೊಳ್ಳೋಕೆ ಶುರು ಮಾಡಿದ್ರು. ಕವರ್ ಕೊಡಿ ಅಂದ್ರೆ 'ಸೈಡಲ್ಲಿ ಮಾಡಿ' ಅಂದ್ರು.

12 ಗಂಟೆ ಆಸುಪಾಸು ಒಂದು ಬಂಡೆ ಸಾಲಿನ ಮುಂದೆ ಎಂಜಿನ್ ನಿಲ್ಲಿಸಿ 'ಗ್ರ್ಯಾಂಡ್ ಐಲ್ಯಾಂಡ್! ಗ್ರ್ಯಾಂಡ್ ಐಲ್ಯಾಂಡ್!' ಅಂತ ಕೂಗಿದ್ರು. ಎಲ್ಲಾರೂ ಚಪ್ಪಾಳೆ. ನಾನೂ ತಟ್ಟಿದೆ. ಅಂಗೈ ಅಗಲದ ಮರಳು, ಮೇಲೆ ಗಿಡ ಬೆಳೆದ ಗುಡ್ಡ. ಇಳಿಸಲ್ವಾ ಅಂದ್ರೆ, ಮೊದಲು ಈಜು ಅಂದ್ರು. ಈಜು ಅಂದ್ರೆ ಏನು ಗೊತ್ತಾ? ಹಗ್ಗ ಕಟ್ಟಿದ ಒಂದು ರಬ್ಬರ್ ಟ್ಯೂಬು. ಅದನ್ನ ಹಿಡ್ಕೊಂಡು ನೀರಲ್ಲಿ ಮುಖ ಇಡಬೇಕು. 46 ಜನಕ್ಕೆ ಕನ್ನಡಕ ಎಂಟು. ಒಬ್ಬರು ಬಾಯಲ್ಲಿ ಕಚ್ಕೊಂಡಿದ್ದ ಉಸಿರಿನ ಕೊಳವೆಯನ್ನ ಸಮುದ್ರದ ನೀರಲ್ಲಿ ಒಂದ್ಸಲ ಜಾಲಾಡಿಸಿ ಇನ್ನೊಬ್ಬರ ಬಾಯಿಗೆ. ನನ್ನ ಮಗಳು ಬೇಡ ಅಂತ ದೋಣೀಲೇ ಕೂತ್ಲು. ನನ್ನ ಪಾಳಿ ಬಂದಾಗ ಟೈಮ್ ನೋಡ್ಕೊಂಡೆ, ಏಳು ನಿಮಿಷ. ಕಂಡಿದ್ದು ಮಬ್ಬು ಮಬ್ಬು ನೀರು, ಮತ್ತೆ ನನ್ನದೇ ಕಾಲು. ವಿಡಿಯೋ ಬೇಕಾದ್ರೆ 500 ಎಕ್ಸ್‌ಟ್ರಾ.

ಒದ್ದೆ ಬಟ್ಟೇಲಿ ಕೂತು ಆ ಗುಡ್ಡ ನೋಡ್ತಿದ್ದೆ. ಮೇಲಿಂದ ಒಬ್ಬ ಮನುಷ್ಯ ಇಳಿದು ಬಂದ. ಲುಂಗಿ, ಹೆಗಲಿಗೆ ಕೈಚೀಲ, ಕೈಲೊಂದು ಮೀನು ಹಿಡಿಯೋ ಗಾಳ. ಕಾಲುದಾರೀಲಿ ಆರಾಮಾಗಿ ಬೀಡಿ ಸೇದ್ಕೊಂಡು ಬಂದು ಬಂಡೆ ಮೇಲೆ ಕೂತ. ಸುತ್ತಮುತ್ತ ಬೇರೆ ಒಂದು ದೋಣಿ ಇಲ್ಲ. ದ್ವೀಪಕ್ಕೆ ಯಾರಾದ್ರೂ ನಡ್ಕೊಂಡು ಬರ್ತಾರಾ?

ಫೋನು ಪ್ಲಾಸ್ಟಿಕ್ ಕವರಿಂದ ತೆಗೆದು ಮ್ಯಾಪ್ ನೋಡ್ದೆ. ನೀಲಿ ಚುಕ್ಕೆ ವಾಸ್ಕೋ ಕಡೆ ದಡಕ್ಕೆ ಅಂಟ್ಕೊಂಡು ಕೂತಿತ್ತು. ದಡ! ದ್ವೀಪ ಅಲ್ಲ, ದಡ. ಹಿಂದಿನ ದಿನ ರೈಲಿಳಿದ ಊರಿನ ಹಿತ್ತಲಿಗೆ 17,600 ಕೊಟ್ಟು ವಾಂತಿ ಮಾಡ್ಕೊಂಡು ಬಂದಿದ್ದೀವಿ.

ಹಗ್ಗ ಹಿಡಿಯೋ ಹುಡುಗ ಒಬ್ಬ ಫೋನಲ್ಲಿ ಕನ್ನಡ ಮಾತಾಡಿದ್ದು ಕಿವಿಗೆ ಬಿದ್ದಿತ್ತು. ಗದಗ ಕಡೆಯೋನು. ಮೆಲ್ಲಗೆ ಕೇಳ್ದೆ. 'ಇದ ಐಲ್ಯಾಂಡ ಅಲ್ರೀ ಅಣ್ಣಾರ. ಅಕಾ ಅಲ್ಲಿ ದೂರ ಕಾಣತೈತಲ್ರೀ, ಅದು. ಡೀಸೆಲ್ ಭಾಳ ಹೊಕ್ಕೈತಿ ಅಂತ ಅಲ್ಲೀತನಾ ಹೋಗಂಗಿಲ್ರೀ.' ಮತ್ತೆ ಜನ ಕೇಳಲ್ವೇನಪ್ಪ ಅಂದೆ. 'ಎಲ್ಲಾರೂ ಚಪ್ಪಾಳಿ ಹೊಡೀತಾರ್ರೀ' ಅಂದ. ಆಮೇಲೆ 'ನಾ ಹೇಳೀನಿ ಅಂತ ಹೇಳಬ್ಯಾಡ್ರಿ ಮತ್ತ' ಅಂತ ಹಗ್ಗ ಎಳೀತಾ ಹೋದ. ಆ ದೋಣೀಲಿ ನಿಜ ಹೇಳಿದೋನು ಅವನೊಬ್ಬ.

ದೋಣಿ ಮೇಸ್ತ್ರಿ ತರ ಇದ್ದೋನನ್ನ ಹಿಡಿದು ಮ್ಯಾಪ್ ತೋರಿಸ್ದೆ. ಅವನು ನೋಡ್ಲೇ ಇಲ್ಲ. 'ಸಾಬ್, ಪಾನಿ ಮೇ ಸಬ್ ಐಲ್ಯಾಂಡ್ ಹೀ ಹೈ' ಅಂದ. ನೀರಲ್ಲಿರೋದೆಲ್ಲ ದ್ವೀಪವೇ ಅಂತೆ. ಪಕ್ಕದಲ್ಲಿದ್ದೋರು ನಕ್ರು. ಅವರೂ ನನ್ನ ಹಂಗೇ ದುಡ್ಡು ಕೊಟ್ಟೋರು, ಆದರೂ ನಕ್ರು.

ಊಟದ ವಿಷಯ ಬರೀದೆ ಇದ್ರೆ ಅತ್ತೆಯವರು ಬಿಡಲ್ಲ. ದೋಣೀಲೇ ದೊಡ್ಡ ಡಬ್ಬ ತೆಗೆದ್ರು. ತಣ್ಣನೆ ಅನ್ನ, ನೀರು ಬೇಳೆ, ಎಲೆಕೋಸು. ಪಕ್ಕದ ಡಬ್ಬೀಲಿ ಮೀನು ಸಾರು. ಎರಡಕ್ಕೂ ಸೌಟು ಒಂದೇ! ನನ್ನ ಕಣ್ಣೆದುರಿಗೇ ಮೀನಲ್ಲಿ ಅದ್ದಿ ತೆಗೆದು ಬೇಳೇಲಿ ಇಟ್ಟ. ಅತ್ತೆ ಸಿದ್ಧಗಂಗಾ ಮಠಕ್ಕೆ ನಡ್ಕೊಳ್ಳೋರು, ಮೊಟ್ಟೆ ಒಡೆದ ಮನೇಲಿ ನೀರು ಕುಡಿಯಲ್ಲ. ಬೆಳಗ್ಗಿಂದ ಖಾಲಿ ಹೊಟ್ಟೆ, ವಾಂತಿ ಬೇರೆ. 'ನೋಡಿ ಅಳಿಯಂದ್ರೆ, ಮಠದಲ್ಲಿ ಕಾಸಿಲ್ದೆ ಹಾಕೋ ಅನ್ನ ಇದಕ್ಕಿಂತ ಬಿಸಿ ಇರ್ತದೆ' ಅಂದ್ರು ಅಷ್ಟೇ. ಇನ್ನೇನೂ ಅನ್ಲಿಲ್ಲ. ಬೈದಿದ್ರೇ ವಾಸಿ ಇತ್ತು. ಒಂದು ಬಾಳೆಹಣ್ಣಲ್ಲಿ ದಿನ ಕಳೆದ್ರು.

2.10ಕ್ಕೆ ವಾಪಸ್ ಜೆಟ್ಟಿ. ಪೂರ್ತಿ ದಿನ ಅಂದಿದ್ದು ಮೂರೂವರೆ ಗಂಟೆ, ಅದೂ ಹೋಗಿ ಬರೋದು ಸೇರಿ.

ಅಲ್ಲಿಂದಲೇ ತುಮಕೂರಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಮೆಸೇಜ್ ಮಾಡ್ದೆ. ಅವನ ಉತ್ತರಗಳನ್ನ ಇದ್ದದ್ದು ಇದ್ದಂಗೆ ಹೇಳ್ತೀನಿ, ಯಾಕಂದ್ರೆ ನಾಳೆ ನಿಮಗೂ ಇವೇ ಬರ್ತವೆ. ಮೊದಲು 'ಸಮುದ್ರ ರಫ್ ಇತ್ತು ಸರ್, ನಿಮ್ಮ ಸೇಫ್ಟಿಗೋಸ್ಕರ'. ಹೋಗೋ ತನಕ ಅಣ್ಣ, ಬಂದ ಮೇಲೆ ಸರ್, ಗಮನಿಸಿ. ರಫ್ ಇದ್ರೆ ಐಲ್ಯಾಂಡ್ ಅಂತ ಯಾಕೆ ಕೂಗಿದ್ರು ಅಂದೆ. 'ಆ ಸೈಡ್ ಪೂರ್ತಿ ಗ್ರ್ಯಾಂಡ್ ಐಲ್ಯಾಂಡ್ ಏರಿಯಾ ಅಂತಾನೇ ಕರೀತಾರೆ ಸರ್.' ಮ್ಯಾಪ್ ಫೋಟೋ ಕಳಿಸ್ದೆ. 'ನಾವು ಐಲ್ಯಾಂಡ್ ಟ್ರಿಪ್ ಅಂದಿದ್ದು ಸರ್, ಐಲ್ಯಾಂಡ್ ಮೇಲೆ ಇಳಿಸ್ತೀವಿ ಅಂದಿಲ್ಲ.' ಹಳೇ ಮೆಸೇಜಲ್ಲಿ ಗ್ರ್ಯಾಂಡ್ ಐಲ್ಯಾಂಡಲ್ಲಿ ಎರಡು ಗಂಟೆ ಅಂತ ಅವನೇ ಬರೆದಿದ್ದನ್ನ ವಾಪಸ್ ಕಳಿಸ್ದೆ. ಅರ್ಧ ಗಂಟೆ ಬಿಟ್ಟು, 'ನಾವು ಬರೀ ಬುಕಿಂಗ್ ಮಾಡೋರು ಸರ್, ದೋಣಿಯೋರನ್ನ ಕೇಳಿ.' ದೋಣಿಯೋರ ನಂಬರ್ ಕೊಡು ಅಂದ್ರೆ, 'ಅದು ಕೊಡೋ ಹಂಗಿಲ್ಲ ಸರ್.' ಸೌಟಿನ ವಿಷಯಕ್ಕೆ ಒಂದು ಕೈಮುಗಿಯೋ ಚಿತ್ರ ಕಳಿಸ್ದ. ಎಲ್ಲಾ ಆದ ಮೇಲೆ ಕೊನೆಗೆ ಬಂತು ನೋಡಿ, ನನ್ನ ಆ ಫೋಟೋ. 'ನೀವು ಎಂಜಾಯ್ ಮಾಡಿರೋದಕ್ಕೆ ಪ್ರೂಫ್ ಇದೆ ಸರ್ ನಮ್ಮತ್ರ.'

ಮಾರನೇ ದಿನವೇ ಅದು ಅವರ ಸ್ಟೇಟಸಲ್ಲಿ. ಮಂಡೀಲಿ ಹಮಾಲಿಗಳ ಹತ್ರ ಕೂಡ ಇತ್ತು. 'ಏನ್ ಸಾವ್ಕಾರ್ರೆ, ಟೋಪಿ ಹಾಕ್ಕೊಂಡ್ರಾ' ಅಂತ ಒಬ್ಬ ಕೇಳ್ದ. ಅವನು ಟೋಪಿ ಬಗ್ಗೆಯೇ ಕೇಳಿದ್ದಿರಬಹುದು. ನನಗೆ ಉರೀತು.

ಹೋಗೋ ಹಂಗಿದ್ರೆ ನನ್ನ ಹಂಗೆ ಊರಲ್ಲಿ ಕೂತು ಮುಂಗಡ ಕಟ್ಟಬೇಡಿ. ದೋಣಿ ಯಾವ ಜಾಗದಲ್ಲಿ ನಿಲ್ಲುತ್ತೆ ಅನ್ನೋದನ್ನ ಮ್ಯಾಪಲ್ಲಿ ಗುರುತು ಹಾಕಿ ಕಳಿಸು ಅನ್ನಿ, ಕಳಿಸದಿದ್ರೆ ಅಲ್ಲಿಗೇ ಬಿಡಿ. ದೋಣಿ ಮೇಲೆ ಬರೆದಿರೋ ಲೆಕ್ಕಕ್ಕಿಂತ ಜನ ಜಾಸ್ತಿ ಇದ್ರೆ, ಮಗೂಗೆ ಅಳತೆಯ ಜಾಕೆಟ್ ಇಲ್ದಿದ್ರೆ, ದುಡ್ಡು ಹೋದ್ರೂ ಹೋಗ್ಲಿ, ಇಳೀರಿ. ಹೆಂಡತಿ ಇಳಿಯೋಣ ಅಂದ್ರೆ ಖಂಡಿತ ಇಳೀರಿ. ವೆಜ್‌ನೋರು ಬುತ್ತಿ ಕಟ್ಕೊಂಡು ಹೋಗಿ. ಫೋಟೋಗೆ ಮಾತ್ರ ದಡ ಸೇರೋ ತನಕ ನಗಬೇಡಿ.

ನಾನು 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೀನಿ, ಗ್ರಾಹಕರ ಸಹಾಯವಾಣಿ. ಅದು ಆಗ್ಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕರ ಆಯೋಗ. ಇದಕ್ಕೆಲ್ಲ ಗೋವಾಕ್ಕೆ ಅಲೀಬೇಕಲ್ಲ ಅಂತ ಹೆದರಿ ಕೈಬಿಟ್ಟಿದ್ದೆ. ನಮ್ಮ ವಕೀಲರು ಹೇಳಿದ್ರು, 2019ರ ಕಾಯ್ದೆ ಬಂದ ಮೇಲೆ ನಾವು ವಾಸ ಇರೋ ಜಿಲ್ಲೇಲೇ ಹಾಕಬಹುದು, ಎರಡು ವರ್ಷದ ಒಳಗೆ ಹಾಕಬೇಕು, ಐದು ಲಕ್ಷದ ತನಕದ್ದಕ್ಕೆ ಶುಲ್ಕ ಇಲ್ಲ ಅಂತ. ರಸೀದಿ ಇಲ್ದಿದ್ರೂ ದುಡ್ಡು ಹಾಕಿದ ದಾಖಲೆ, ಆ ಮೆಸೇಜುಗಳು ಇದ್ದಾವೆ. ಒಂದನ್ನೂ ಅಳಿಸಿಲ್ಲ.

ಈಗ ಇಷ್ಟು ಅವಸರದಲ್ಲಿ ಯಾಕೆ ಬರೀತಿದ್ದೀನಿ ಅಂದ್ರೆ, ಗುಬ್ಬಿ ಕಡೆಯ ನಮ್ಮ ಪರಿಚಯದ ಅಡಿಕೆ ವ್ಯಾಪಾರಿ ಒಬ್ಬ ಆ ಫೋಟೋ ನೋಡಿ ಹನ್ನೊಂದು ಜನಕ್ಕೆ ಬುಕ್ ಮಾಡಿದ್ದಾನೆ. ವಯಸ್ಸಾದ ತಾಯಿ, ಎರಡು ಸಣ್ಣ ಮಕ್ಕಳು. ಬೇಡ ಕಣಪ್ಪ ಅಂತ ಹೇಳಿದ್ರೆ, 'ಅಣ್ಣ, ನಿಮಗೆ ವಾಂತಿ ಆಯ್ತಂತೆ, ಅದಕ್ಕೇ ಕೋಪ ಅಂತ ಅವರೇ ಹೇಳಿದ್ರು. ಫೋಟೋದಲ್ಲಿ ಚೆನ್ನಾಗೇ ನಗ್ತಿದ್ದೀರಲ್ಲ' ಅಂದ. ನಿನ್ನೆಯಿಂದ ನನ್ನ ಫೋನ್ ಎತ್ತುತಾ ಇಲ್ಲ. ಶನಿವಾರ ರೈಲು. ಅವನು ಯಾರು ಅಂತ ಮಂಡಿಯೋರಿಗೆ ಗೊತ್ತಾಗುತ್ತೆ, ಯಾರಾದ್ರೂ ಇದನ್ನ ಅವನಿಗೆ ತಲುಪಿಸಿ. ಆ ಫೋಟೋ ದೊಡ್ಡದು ಮಾಡಿ ಎಡಗಡೆ ಮೂಲೆ ನೋಡು ಅನ್ನಿ. ದೋಣಿ ಇನ್ನೂ ಜೆಟ್ಟಿಗೆ ಕಟ್ಟಿರೋ ಹಗ್ಗ ಕಾಣುತ್ತೆ.