ಎಫ್‌ಎಲ್‌ಎಕ್ಸ್4 ತಗೊಳ್ಳುದಾ, ಇನ್‌ಪಲ್ಸ್ 300 ತಗೊಳ್ಳುದಾ?

ಮಂಗ್ಳೂರಲ್ಲಿ ಮೆಹಂದಿ, ರೋಸ್ (ಕ್ರಿಶ್ಚಿಯನ್ ಮದುವೆಗೆ ಮುಂಚಿನ ಶಾಸ್ತ್ರ) ಪ್ರೋಗ್ರಾಮಿಗೆಲ್ಲ ಡಿಜೆ ಮಾಡ್ಬೇಕು ಅಂತ ಹೊಸದಾಗಿ ಶುರು ಮಾಡುವವ್ರು ಈ ಎರಡು ಡಿಜೆ ಕಂಟ್ರೋಲರನ್ನ (ಲ್ಯಾಪ್‌ಟಾಪಲ್ಲಿರುವ ಹಾಡು ಮಿಕ್ಸ್ ಮಾಡುವ ಮೆಷಿನ್) ನೋಡಿಯೇ ನೋಡ್ತಾರೆ. ಎರಡೂ 2 ಚಾನೆಲ್, ಅಂದ್ರೆ ಒಟ್ಟಿಗೆ ಎರಡು ಹಾಡು ಮಿಕ್ಸ್ ಮಾಡ್ಬಹುದು, ಲ್ಯಾಪ್‌ಟಾಪ್‌ನ ಯುಎಸ್‌ಬಿಯಿಂದಲೇ ಕರೆಂಟ್.

ಕೈಯಲ್ಲೇ ಮಿಕ್ಸ್ ಮಾಡ್ಲಿಕ್ಕೆ ಕಲಿಯುದಾದ್ರೆ ನನ್ನ ಓಟು ಹರ್ಕ್ಯುಲಿಸ್ ಇನ್‌ಪಲ್ಸ್ 300ಕ್ಕೆ, ಯಾಕಂದ್ರೆ ಅದ್ರಲ್ಲಿ ಗೈಡ್ ಲೈಟ್ ಉಂಟು, ಟೆಂಪೋ (ಹಾಡಿನ ಸ್ಪೀಡ್) ಯಾವ ಕಡೆ ಸರಿಸ್ಬೇಕು, ಜಾಗ್ ವೀಲ್ (ಕೈಯಲ್ಲಿ ತಿರುಗಿಸುವ ದೊಡ್ಡ ಚಕ್ರ) ಹಿಂದೆ ತಳ್ಳುದಾ ಮುಂದೆ ತಳ್ಳುದಾ ಅಂತ ತೋರಿಸ್ತದೆ, ಸರಿಸುದು ಮಾತ್ರ ನಿಮ್ಮ ಕೈಯೇ, ಕಿವಿ ಪಳಗಿದ ಮೇಲೆ ಲೈಟ್ ಆಫ್ ಮಾಡಿ. ಪಯೋನಿಯರ್ ಎಫ್‌ಎಲ್‌ಎಕ್ಸ್4ರ ಬಟನ್ ಜೋಡಣೆ ಕ್ಲಬ್ ಸೆಟಪ್ ತರವೇ, ರೆಕಾರ್ಡ್‌ಬಾಕ್ಸ್, ಸೆರಾಟೊ ಅಂತ ಎರಡು ಡಿಜೆ ಸಾಫ್ಟ್‌ವೇರೂ ನಡೀತದೆ, ಫೋನಿಗೂ ಕನೆಕ್ಟ್ ಆಗ್ತದೆ. ಮುಂದೆ ದೊಡ್ಡ ಸ್ಟೇಜಿಗೆ ಹೋಗುವ ಆಸೆ ಇದ್ರೆ ಇದೇ ಸರಿ, ಆದ್ರೆ ಕಲಿಯುವಾಗ ಸಿಂಕ್ (ಎರಡು ಹಾಡಿನ ಬೀಟನ್ನ ತಾನೇ ಸೇರಿಸುವ ಬಟನ್), ಸ್ಮಾರ್ಟ್ ಫೇಡರ್ (ಒಂದು ಹಾಡಿಂದ ಇನ್ನೊಂದಕ್ಕೆ ಹೋಗುವಾಗ ತಾನೇ ಹೊಂದಿಸುವುದು) ಮುಟ್ಲೇಬೇಡಿ ಮಾರಾಯ್ರೆ!

ಸಿಂಕ್ ಇರುವಾಗ ಕಿವಿ ಯಾಕೆ ಅಂತ ಕೇಳ್ಬಹುದು. ಕ್ಲಿಕ್ (ತಾಳ ಹಿಡಿಯುವ ಟಿಕ್ ಟಿಕ್ ಶಬ್ದ) ಇಲ್ದೆ ಲೈವ್ ನುಡಿಸಿದ ಹಳೇ ಕೊಂಕಣಿ ಬೈಲಾ, ತುಳು ಹಾಡುಗಳಲ್ಲಿ ಸ್ಪೀಡ್ ಅಲ್ಲಲ್ಲಿ ಹೆಚ್ಚುಕಮ್ಮಿ ಆಗ್ತದೆ, ಸಾಫ್ಟ್‌ವೇರ್ ಹಾಕಿದ ಬೀಟ್ ಗ್ರಿಡ್ (ಬೀಟ್ ಎಲ್ಲೆಲ್ಲಿ ಅಂತ ಹಾಕಿದ ಗೆರೆ) ತಪ್ತದೆ, ಆಗ ಹೆಡ್‌ಫೋನಲ್ಲಿ ಕೇಳಿ ಜಾಗ್ ತಳ್ಳಿ ಹಿಡಿಯುವವರೇ ಬೇಕು. ಮೊದ್ಲು ಸ್ಪೀಡ್ ಹತ್ತಿರ ಇರುವ ಹಾಡು ತಗೊಳ್ಳಿ: 124 ಬಿಪಿಎಮ್ (ನಿಮಿಷಕ್ಕೆ ಎಷ್ಟು ಬೀಟ್ ಅಂತ) ಇರುವುದನ್ನ 126ಕ್ಕೆ ತರ್ಲಿಕ್ಕೆ ಸ್ಪೀಡ್ 1.6% ಹೆಚ್ಚಿಸಿದ್ರೆ ಸಾಕು.