ಕೆನಡಾದ ಸಣ್ಣ ಊರೋ, ಆಸ್ಟ್ರೇಲಿಯಾದ ಒಳನಾಡೋ?

ಸಾಗರ, ತೀರ್ಥಹಳ್ಳಿ ಕಡೆಯ ನರ್ಸ್, ಮೆಕ್ಯಾನಿಕ್, ಅಡುಗೆಯವರಿಗೆ ವಿದೇಶದ ಸಣ್ಣ ಊರು ಸೇರಲು ಎರಡು ದಾರಿ ನೋಡಬಹುದು: ಕೆನಡಾ 2025ರಲ್ಲಿ ಆರಂಭಿಸಿದ ಗ್ರಾಮೀಣ ಸಮುದಾಯ ವಲಸೆ ಯೋಜನೆ, ದೊಡ್ಡ ನಗರಗಳ ಹೊರಗೆ ನೆಲೆಸುವ ಕುಶಲ ಕೆಲಸಗಾರರಿಗೆ ಆಸ್ಟ್ರೇಲಿಯಾ ಕೊಡುವ 491 ವೀಸಾ.

ಕೆನಡಾದಲ್ಲಿ ಎಲ್ಲವೂ ಕೆಲಸದಿಂದಲೇ ಶುರು. ಟಿಮಿನ್ಸ್, ಥಂಡರ್ ಬೇ, ಬ್ರಾಂಡನ್‌ನಂಥ 14 ಸಮುದಾಯಗಳನ್ನು ಯೋಜನೆಗೆ ಆರಿಸಿದ್ದಾರೆ. ಅಲ್ಲಿನ ಮಾನ್ಯತೆ ಪಡೆದ ಉದ್ಯೋಗದಾತರ ಆಫರ್ ಬೇಕು, ಜೊತೆಗೆ ಸಮುದಾಯದ ಶಿಫಾರಸು. ಸಾಮಾನ್ಯವಾಗಿ ಕಳೆದ ಮೂರು ವರ್ಷಗಳಲ್ಲಿ 1,560 ಗಂಟೆ ಕೆಲಸದ ಅನುಭವವೂ ಇರಬೇಕು. ಅರ್ಜಿ ಒಪ್ಪಿಗೆಯಾದರೆ ನೇರ ಪಿಆರ್, ಅಂದರೆ ಕಾಯಂ ವಾಸದ ಅನುಮತಿ. ಆದರೆ ಶಿವಮೊಗ್ಗದಲ್ಲಿ ಕೂತು ಆ ಆಫರ್ ಗಿಟ್ಟಿಸುವುದೇ ದೊಡ್ಡ ಕಷ್ಟ. ಆಫರ್ ಮಾರುತ್ತೇವೆ ಎನ್ನುವ ಏಜೆಂಟರಿಗಾಗಿ ಅಡಿಕೆ ತೋಟ ಅಡವಿಡಬೇಡಿ, ದಯವಿಟ್ಟು! ಕೆಲಸಕ್ಕೆ ದುಡ್ಡು ಕೇಳುವುದು ಅಲ್ಲಿ ಕಾನೂನುಬಾಹಿರ.

491ಕ್ಕೆ ಆಫರ್ ಕಡ್ಡಾಯವಲ್ಲ. ವಯಸ್ಸು 45ರೊಳಗಿರಬೇಕು, ಕೌಶಲ ಪರಿಶೀಲನೆ ಆಗಬೇಕು, ವಯಸ್ಸು, ಇಂಗ್ಲಿಷ್, ಅನುಭವಗಳಿಗೆ ಕೊಡುವ ಅಂಕ ಕನಿಷ್ಠ 65 ಬೇಕು. ರಾಜ್ಯದ ನಾಮನಿರ್ದೇಶನ ಸಿಕ್ಕರೆ 15 ಅಂಕ ಅದರಿಂದಲೇ. ಕೊರತೆಯೆಂದರೆ ಇದು ಐದು ವರ್ಷದ ತಾತ್ಕಾಲಿಕ ವೀಸಾ. ಸರ್ಕಾರ ಇದಕ್ಕೆಂದು ಗುರುತಿಸಿದ ಪ್ರದೇಶದಲ್ಲಿ ಮೂರು ವರ್ಷ ಬಾಳಿದ ಮೇಲಷ್ಟೇ 191 ಎಂಬ ಕಾಯಂ ವಾಸದ ವೀಸಾಕ್ಕೆ ಅರ್ಜಿ. ಪರ್ತ್, ಅಡಿಲೇಡ್ ಕೂಡ ಆ ಪ್ರದೇಶದೊಳಗೇ ಬರುತ್ತವೆ, ಇದು ದೊಡ್ಡ ಅನುಕೂಲ.

ಆಗುಂಬೆಯ ಮಳೆ ಕಂಡವರಿಗೂ ಟಿಮಿನ್ಸ್‌ನ ಮೈನಸ್ 30 ಡಿಗ್ರಿ ಬೇರೆಯೇ ಲೋಕ. ಆಫರ್ ಕೈಯಲ್ಲಿದ್ದರೆ ನಾನು ಕೆನಡಾ ಎನ್ನುತ್ತೇನೆ. ಇಲ್ಲದಿದ್ದರೆ, ವಯಸ್ಸು ಚಿಕ್ಕದಿದ್ದು ಇಂಗ್ಲಿಷ್ ಚೆನ್ನಾಗಿದ್ದರೆ, ಮೊದಲು 491ರ ಕೌಶಲ ಪರಿಶೀಲನೆ ಮುಗಿಸಿಕೊಳ್ಳಿ.