ಮರಗೆಣಸಿನ ಹಿಟ್ಟಿಗೆ 3 ಎಚ್‌.ಪಿ. ಪಲ್ವರೈಸರ್ ಸಾಕಾ?

ಮೊದಲೇ ಹೇಳಿಬಿಡುತ್ತೇನೆ, ಮಿಷನ್ ಚೆನ್ನಾಗಿದೆ. ಆದರೆ ಇದನ್ನು ತಂದು ಕೂರಿಸಿದ ತಕ್ಷಣ ಮರಗೆಣಸಿನ ಹಿಟ್ಟಿನ ವ್ಯಾಪಾರ ಶುರುವಾಯಿತು ಅಂದುಕೊಳ್ಳಬೇಡಿ. ಬೀಸುವುದು ಕೊನೆಯ ಕೆಲಸ, ಎಲ್ಲಕ್ಕಿಂತ ಸುಲಭದ್ದು ಕೂಡ.

ನನ್ನದು ಸಿಂಗಲ್ ಫೇಸ್ ಪಲ್ವರೈಸರ್, ಅಂದರೆ ಒಣಗಿದ್ದನ್ನು ಪುಡಿ ಮಾಡುವ ಮಿಷನ್. ಹಿಟ್ಟು ತಾಗುವ ಕಡೆಯೆಲ್ಲ ಸ್ಟೀಲು. ದಾವಣಗೆರೆಯಲ್ಲೇ ಕೊಂಡಿದ್ದು. ಮೋಟಾರು ಸೇರಿ 38,000 ರೂಪಾಯಿ ಬಿತ್ತು. 'ಅಕ್ಕಾರೆ, ಕಲ್ಲು ಹಾಕಿದ್ರೂ ಪುಡಿ ಮಾಡ್ತೈತಿ' ಎಂದರು ಅಂಗಡಿಯವರು. ಕಲ್ಲು ಹಾಕಿ ನೋಡಿಲ್ಲ. ಚೆನ್ನಾಗಿ ಒಣಗಿದ ಗೆಣಸಿನ ತುರಿಯನ್ನಂತೂ ಸಲೀಸಾಗಿ ಪುಡಿ ಮಾಡುತ್ತದೆ. ಬೀದಿಯ ಗಿರಣಿಗೇ ಕೊಟ್ಟರೆ ಆಗಲ್ವಾ ಎಂದು ಬಹಳ ಜನ ಕೇಳುತ್ತಾರೆ. ಅಲ್ಲಿ ನಮಗಿಂತ ಮುಂಚೆ ರಾಗಿಯೋ ಮೆಕ್ಕೆಜೋಳವೋ ಬೀಸಿರುತ್ತಾರೆ. ಈ ಹಿಟ್ಟು ಅಚ್ಚ ಬಿಳಿ, ಒಂದು ಚಿಟಿಕೆ ರಾಗಿ ಬೆರೆತರೂ ಎದ್ದು ಕಾಣುತ್ತದೆ.

ಗಂಟೆಗೆ 60 ಕೆ.ಜಿ. ಬೀಸುತ್ತದೆ ಎಂದು ಅಂಗಡಿಯಲ್ಲಿ ಹೇಳಿದ ಲೆಕ್ಕ ನಂಬಬೇಡಿ. ಅದು ದೊಡ್ಡ ಕಣ್ಣಿನ ಜಾಲರಿ ಹಾಕಿ ಮೆಕ್ಕೆಜೋಳದ ನುಚ್ಚು ಒಡೆಯುವ ಲೆಕ್ಕ. ಅರ್ಧ ಮಿಲಿಮೀಟರ್ ಕಣ್ಣಿನ ಜಾಲರಿ ಹಾಕಿದರೆ ನನಗೆ ಸಿಗುವುದು 20, ಬಹಳ ಅಂದರೆ 25 ಕೆ.ಜಿ. ತುರಿಯಲ್ಲಿ ಸ್ವಲ್ಪ ಹಸಿ ಉಳಿದಿದ್ದರೂ ಜಾಲರಿ ಮೆತ್ತಿಕೊಂಡು ಮೋಟಾರು ನರಳುತ್ತದೆ. ಇನ್ನೊಂದು ತೊಂದರೆ ಧೂಳು. ಜೊತೆಗೆ ಬಂದ ಬಟ್ಟೆಯ ಚೀಲ ತೀರಾ ತೆಳು, ಶೆಡ್ಡೆಲ್ಲ ಬೆಳ್ಳಗಾಗುತ್ತಿತ್ತು. ಟೈಲರ್ ಹತ್ತಿರ ದಪ್ಪ ಬಟ್ಟೆಯದು ಹೊಲಿಸಿದ ಮೇಲೆ ಸರಿಯಾಯಿತು. ಹಿಟ್ಟು ಬೆಚ್ಚಗೆ ಹೊರಬರುತ್ತದೆ. ಪೂರ್ತಿ ಆರಿದ ಮೇಲೆ ಕವರಿಗೆ ತುಂಬಿ, ಇಲ್ಲದಿದ್ದರೆ ಒಳಗೇ ಬೆವರಿ ಗಂಟು ಕಟ್ಟುತ್ತದೆ.

ಇನ್ನು ನಿಜವಾದ ಕೆಲಸಕ್ಕೆ ಬರೋಣ. ನನಗೆ ಗೆಡ್ಡೆ ಬರುವುದು ಚನ್ನಗಿರಿ ಕಡೆಯ ಒಬ್ಬ ರೈತರಿಂದ, ಅಡಿಕೆ ತೋಟದ ಅಂಚಿನಲ್ಲಿ ಹಾಕಿದ್ದಾರೆ. ಆಲೂಗಡ್ಡೆ ಥರ ಚೀಲದಲ್ಲಿಟ್ಟು ನಿಧಾನಕ್ಕೆ ಮಾಡೋಣ ಅನ್ನುವ ಹಾಗಿಲ್ಲ. ಕಿತ್ತ ಎರಡು ಮೂರು ದಿನಕ್ಕೆಲ್ಲ ಒಳಗೆ ನೀಲಿ ಕಪ್ಪು ಗೆರೆ ಮೂಡಿ ಕೆಡುತ್ತದೆ. ಹಾಗಾಗಿ ಗಾಡಿ ಬಂದ ದಿನ ಮನೆಯಲ್ಲಿ ಬೇರೆ ಕೆಲಸವಿಲ್ಲ. ಮೇಲಿನ ಕಂದು ಸಿಪ್ಪೆಯ ಜೊತೆ ಅದರ ಕೆಳಗಿನ ದಪ್ಪ ಸಿಪ್ಪೆಯನ್ನೂ ತೆಗೆಯಬೇಕು. ಮರಗೆಣಸಿನಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ, ಸಿಪ್ಪೆಯಲ್ಲಿ ಜಾಸ್ತಿ. ಕಹಿ ತಳಿಯನ್ನು ನಾನು ಮುಟ್ಟುವುದೇ ಇಲ್ಲ. ಸಿಹಿ ತಳಿಯನ್ನೂ ತುರಿದು, ಬಟ್ಟೆಯಲ್ಲಿ ಕಟ್ಟಿ, ಮೇಲೆ ಭಾರ ಹೇರಿ ರಾತ್ರಿಯಿಡೀ ಬಿಡುತ್ತೇನೆ. ಇಳಿದ ನೀರನ್ನು ದನ ಕುಡಿಯದ ಕಡೆ ಚೆಲ್ಲಬೇಕು. ತುರಿಯುವಾಗ ನಡುವಿನ ನಾರು ಕೈಯಲ್ಲೇ ಉಳಿಯುತ್ತದೆ, ಎಸೆದುಬಿಡಿ. ಅದು ಮಿಷನ್ನಿಗೆ ಹೋದರೆ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಆಮೇಲೆ ಬಿಸಿಲು. ಈ ವಿಷಯದಲ್ಲಿ ನಮ್ಮೂರು ಧಾರಾಳಿ. ಮಾರ್ಚ್, ಏಪ್ರಿಲ್‌ನಲ್ಲಿ ತಾರಸಿ ಮೇಲೆ ತೆಳ್ಳಗೆ ಹರವಿದರೆ ಸಂಜೆಗೆ ಗರಿಗರಿ. ಆದರೆ ಮಳೆಗಾಲದ ಮೋಡ ಕವಿದರೆ ಕಥೆ ಮುಗಿಯಿತು, ಮರುದಿನಕ್ಕೇ ಬೂಷ್ಟು ವಾಸನೆ. ಅದಕ್ಕೇ ಜೂನ್ ಬಂದರೆ ನಾನು ಗೆಣಸು ನಿಲ್ಲಿಸಿ ಅದೇ ಮಿಷನ್ನಿನಲ್ಲಿ ಜನರ ರಾಗಿ, ಜೋಳ ಬೀಸಿಕೊಡುತ್ತೇನೆ. ಬೇಸಿಗೆ ಬಂದಾಗ ಬಿಚ್ಚಿ ತೊಳೆದು ಒಣಗಿಸಿದರೆ ಮತ್ತೆ ಗೆಣಸಿಗೆ ತಯಾರು.

ದುಡ್ಡಿನ ಲೆಕ್ಕ ಕೇಳಿ. ತೋಟದಲ್ಲಿ ಗೆಡ್ಡೆ ಕೆ.ಜಿ.ಗೆ 18 ರೂಪಾಯಿ ಕೊಡುತ್ತೇನೆ. 100 ಕೆ.ಜಿ. ಹಸಿ ಗೆಡ್ಡೆಯಿಂದ ಹಿಟ್ಟು 25 ಕೆ.ಜಿ. ದಾಟುವುದು ಅಪರೂಪ. ಅಂದರೆ ಒಂದು ಕೆ.ಜಿ. ಹಿಟ್ಟಿಗೆ ಗೆಡ್ಡೆಯ ದುಡ್ಡೇ 70 ದಾಟಿತು. ಗಾಡಿ ಬಾಡಿಗೆ, ಸಿಪ್ಪೆ ತೆಗೆಯುವವರ ಕೂಲಿ, ಕವರು ಸೇರಿದರೆ ನೂರರ ಮೇಲೆ. ಮಿಷನ್ ಗಂಟೆಗೆ ಎರಡೂಕಾಲು ಯೂನಿಟ್ ತಿನ್ನುತ್ತದೆ, ಕೆ.ಜಿ.ಗೆ ಕರೆಂಟಿನ ಖರ್ಚು ಒಂದು ರೂಪಾಯಿ ಆಸುಪಾಸು ಅಷ್ಟೇ. ನಾನು ಮಾರುವುದು 160ಕ್ಕೆ. ಮೈದಾ ಇದರ ಅರ್ಧ ಬೆಲೆಗೂ ಸಿಗುವಾಗ ಕಿರಾಣಿ ಅಂಗಡಿಯವರು ಯಾಕೆ ಕೊಳ್ಳುತ್ತಾರೆ? ಕೊಳ್ಳುವುದಿಲ್ಲ. ನನ್ನ ಗಿರಾಕಿಗಳು ಹಪ್ಪಳ, ಸಂಡಿಗೆ ಮಾಡುವ ಹೆಂಗಸರು, ಮತ್ತೆ ಗೋಧಿ ಒಗ್ಗದ ಕೆಲವು ಮನೆಯವರು. ಇದರಲ್ಲಿ ಗೋಧಿಯ ಅಂಟು ಇಲ್ಲ, ಬರೀ ಇದರಿಂದ ಚಪಾತಿ ಲಟ್ಟಿಸಲು ಹೋದರೆ ಹರಿಯುತ್ತದೆ. ಬಿಸಿನೀರಲ್ಲಿ ಕಲಸಿ ರೊಟ್ಟಿ ತಟ್ಟಬಹುದು. ಕಡಲೆಹಿಟ್ಟಿಗೆ ಒಂದು ಹಿಡಿ ಬೆರೆಸಿ ಮಿರ್ಚಿ ಕರಿದು ನೋಡಿ, ಮಂಡಕ್ಕಿ ಜೊತೆ ಬೇಗ ಖಾಲಿಯಾಗುತ್ತದೆ.

ಸಬ್ಬಕ್ಕಿ ಮಾಡಿಕೊಡ್ತೀರಾ ಎಂದೂ ಕೇಳುವವರಿದ್ದಾರೆ. ಅದಕ್ಕೆ ಹಿಟ್ಟಲ್ಲ, ಗೆಣಸನ್ನು ಅರೆದು ತೊಳೆದು ತೆಗೆದ ಪಿಷ್ಟ ಬೇಕು. ಸೇಲಂ ಕಡೆ ಅದಕ್ಕೇ ದೊಡ್ಡ ದೊಡ್ಡ ಕಾರ್ಖಾನೆಗಳಿವೆ. ಈ ಮಿಷನ್ನಿನಿಂದ ಆಗುವ ಮಾತಲ್ಲ.

ಸಾಲ ಮಾಡಿ ಶುರು ಮಾಡುವವರು 2020ರಲ್ಲಿ ಬಂದ ಪಿ.ಎಂ.ಎಫ್‌.ಎಂ.ಇ. (ಸಣ್ಣ ಆಹಾರ ತಯಾರಿಕಾ ಘಟಕಗಳಿಗೆ ಕೇಂದ್ರ ಸರ್ಕಾರದ್ದು) ಯೋಜನೆ ಈಗಲೂ ಇದೆಯಾ ಎಂದು ಬ್ಯಾಂಕಿನಲ್ಲಿ ವಿಚಾರಿಸಿ. ಅದು ಬಂದಾಗ ಶೇ 35ರಷ್ಟು ಸಹಾಯಧನ ಇತ್ತು. ಅರ್ಜಿಯಲ್ಲಿ ಬರೀ ಪಲ್ವರೈಸರ್ ಬರೆಯಬೇಡಿ, ತುರಿಯುವ ಮಿಷನ್ನನ್ನೂ ಸೋಲಾರ್ ಡ್ರೈಯರ್ ಅನ್ನೂ ಪಟ್ಟಿಗೆ ಸೇರಿಸಿ. ಪಲ್ವರೈಸರ್, ಡ್ರೈಯರ್ ಎರಡರಲ್ಲಿ ಒಂದಕ್ಕೇ ದುಡ್ಡಿದ್ದರೆ ನಾನಾದರೆ ಡ್ರೈಯರ್ ಕೊಂಡು, ಬೀಸುವುದನ್ನು ಮಿಷನ್ ತೊಳೆದುಕೊಡುವವರ ಹತ್ತಿರ ಮಾಡಿಸುತ್ತಿದ್ದೆ.

ಕೊಳ್ಳುವುದೇ ಆದರೆ ಸಣ್ಣ ಕಣ್ಣಿನ ಜಾಲರಿ ಇನ್ನೊಂದು ಕೇಳಿ ಇಸ್ಕೊಳ್ಳಿ, ಮೊದಲು ತೂತಾಗುವುದು ಅದೇ. ಮೋಟಾರಿನ ವಾರಂಟಿಯನ್ನು ಬಿಲ್ಲಿನಲ್ಲೇ ಬರೆಸಿ. ನನಗೆ ಬಾಯಿಮಾತಲ್ಲಿ ಒಂದು ವರ್ಷ ಅಂದವರು, ಕೆಪಾಸಿಟರ್ ಹೋದಾಗ 'ಅದು ವಾರಂಟೀಲಿ ಬರಲ್ಲ ಅಕ್ಕಾರೆ' ಎಂದರು.